ನಾಲ್ಕು ದಶಾಂಶ

ಪುತ್ತೂರಿನ ಕಾಲೇಜಿನಲ್ಲಿ ಗಣಿತ ವಿಭಾಗದ ಮುಖ್ಯಸ್ಥರಾಗಿದ್ದ ಮಹಾಗಣಪತಿ ಭಟ್ಟರಿಗೆ ತನ್ನ ವಿಭಾಗಕ್ಕೆ ಹೊಸದಾಗಿ ಸೇರಿದ ಉಪನ್ಯಾಸಕಿ ಊರ್ಮಿಳಾ ರೈಯನ್ನು ಕಂಡರೆ ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರು ಹುಡುಕಿ ಪ್ರಯೋಜನವಿಲ್ಲ. ಭಟ್ಟರು ಮಾತ್ರ ಅದನ್ನು ವಿಭಾಗದ ಶಿಸ್ತು ಎಂದು ಕರೆದುಕೊಂಡು ಸಮಾಧಾನವಾಗಿದ್ದರು.

ಬಿ.ಎಸ್ಸಿ. ಕೊನೆಯ ವರ್ಷಕ್ಕೆ ತಾನೇ ರೂಪಿಸಿದ ಒಂದು ಪಠ್ಯಪತ್ರಿಕೆ ಇರಬೇಕೆಂಬುದು ಅವರ ಬಹುಕಾಲದ ಆಸೆ. ಕಳಿಸಿದ್ದರು ಕೂಡ. ಹೊಸತೇನೂ ಇಲ್ಲವೆಂದು ವಿಶ್ವವಿದ್ಯಾಲಯ ಅದನ್ನು ಹಿಂದೆ ಕಳಿಸಿತ್ತು. ಈಗ ನೋಡಿದರೆ, ಕೆದಂಬಾಡಿಯಿಂದ ಬಸ್ಸಿನಲ್ಲಿ ಬಂದುಹೋಗುವ, ಕೂತ ಕುರ್ಚಿ ಇನ್ನೂ ಬೆಚ್ಚಗಾಗದ ಈ ಹುಡುಗಿ ೧೯೮೬ರ ಬೇಸಿಗೆ ರಜೆಯಲ್ಲಿ ಮದರಾಸಿಗೆ ತರಬೇತಿಗೆ ಹೋಗಿ ಬಂದವಳೇ ‘ಚಲನಶೀಲ ವ್ಯವಸ್ಥೆಗಳು ಮತ್ತು ಕೇಯಾಸ್’ ಎಂಬ ಪತ್ರಿಕೆಯ ಕರಡು ಬರೆದಿದ್ದಾಳೆ. ವಿಶ್ವವಿದ್ಯಾಲಯದವರೇ ಅದನ್ನು ಕಳಿಸಿಕೊಡಲು ಕೇಳಿದ್ದರು. ಭಟ್ಟರ ಸಹಿಯೊಂದು ಬಾಕಿ. ಆ ಸಹಿಗೆ ಅವರ ಕೈ ಏಳುತ್ತಿರಲಿಲ್ಲ.

“ಎಂತ ಮೇಡಂ, ಕೇಯಾಸ್ ಅಂದರೆ ಗೊಂದಲ, ಅದನ್ನೂ ಪಾಠ ಮಾಡ್ಲಿಕ್ಕುಂಟಾ? ನಮ್ಮ ಮಕ್ಕಳಿಗೆ ಅದು ಕಲಿಸದೆಯೇ ಬರ್ತದಲ್ವಾ?” ಎಂದು ಅಧ್ಯಾಪಕರ ಕೋಣೆಯಲ್ಲಿ ಎಲ್ಲರೆದುರು ಕೇಳಿದರು. ಎಲ್ಲರೂ ನಕ್ಕರು. ಊರ್ಮಿಳಾ ಕೂಡ ಮನಸಾರೆ ನಕ್ಕಳು. ಅದರಿಂದ ಭಟ್ಟರಿಗೆ ಇನ್ನಷ್ಟು ಉರಿಯಿತು.

ಕರಡಿನ ಮೊದಲ ಪುಟದಲ್ಲೇ ಒಂದು ಲೆಕ್ಕವಿತ್ತು. ಕೆರೆಯೊಂದರಲ್ಲಿ ಈ ವರ್ಷ ಇಷ್ಟು ಮೀನಿದ್ದರೆ ಮುಂದಿನ ವರ್ಷ ಎಷ್ಟು? ಸಣ್ಣ ಸೂತ್ರ. ಬಂದ ಉತ್ತರವನ್ನೇ ಮತ್ತೆ ಸೂತ್ರಕ್ಕೆ ಹಾಕುತ್ತ ಹೋಗುವುದು. ಕೆರೆ ತುಂಬ ಮೀನಿದ್ದರೆ ಒಂದು, ಬರಿದಾದರೆ ಸೊನ್ನೆ ಎಂದಿಟ್ಟುಕೊಂಡು, ಸೊನ್ನೆ ದಶಾಂಶ ಮೂರರಿಂದ ಹೊರಟು ಊರ್ಮಿಳಾ ಕ್ಯಾಲ್ಕುಲೇಟರಿನಲ್ಲಿ ಉದ್ದದ ಸಾಲೊಂದನ್ನು ಬರೆದಿದ್ದಳು. ಭಟ್ಟರು ನರಿಮೊಗರಿನ ತನ್ನ ಮನೆಯ ಜಗಲಿಯಲ್ಲಿ ಲಾಗರಿದಮ್ ಪುಸ್ತಕ ಬಿಡಿಸಿ ಅದೇ ಲೆಕ್ಕ ಮಾಡಲು ಕೂತರು. ನಾಲ್ಕು ದಶಾಂಶ ಸಾಕು, ಅದರಾಚೆಯದನ್ನು ಬಿಟ್ಟರೆ ಯಾರ ಗಂಟೂ ಹೋಗುವುದಿಲ್ಲ: ಇದು ಅವರು ಕಲಿತದ್ದು, ಕಲಿಸಿದ್ದು.

ಮೊದಲ ಕೆಲವು ಸಾಲು ಹೊಂದಿದವು. ಆಮೇಲೆ ಸ್ವಲ್ಪ ವಾರೆ. ಮುಂದೆ ಅವಳ ಕೆರೆ ಬರಿದಾಗುತ್ತ ಬಂದ ವರ್ಷ ಭಟ್ಟರ ಕೆರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮೀನು. ಅವರು ಇನ್ನೊಮ್ಮೆ ಮಾಡಿದರು. ತನ್ನ ಲೆಕ್ಕ ತಪ್ಪಿರಲಿಲ್ಲ. ಅಂದರೆ ಅವಳದ್ದೇ ತಪ್ಪು.

“ಇವತ್ತು ಪಾಯಸ ಮಾಡು,” ಎಂದರು ಹೆಂಡತಿಗೆ.

“ಎಂತ ವಿಶೇಷ?” ಎಂದು ಕೌಸಲ್ಯಾ ಒಳಗಿನಿಂದ ಕೇಳಿದರು.

“ವಿಶೇಷ ಎಂತದೂ ಇಲ್ಲ. ಮನಸ್ಸಾಯ್ತು.”

ಮರುದಿನ ಪ್ರಾಂಶುಪಾಲ ತ್ಯಾಂಪಣ್ಣ ಗೌಡರ ಕೋಣೆಯಲ್ಲಿ, ಊರ್ಮಿಳಾಳ ಎದುರೇ, ಭಟ್ಟರು ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟರು. “ಮೊದಲ ಲೆಕ್ಕವೇ ತಪ್ಪು ಸರ್. ಇದಕ್ಕೆ ನಾನು ಹೇಗೆ ಸಹಿ ಹಾಕುದು?”

ಊರ್ಮಿಳಾ ಬಗ್ಗಿ ನೋಡಿದಳು. ಅವಳ ಮುಖ ಬಾಡುವುದನ್ನು ಕಣ್ತುಂಬಿಕೊಳ್ಳಲು ಭಟ್ಟರು ಕಾದರು. ಅದು ಬಾಡಲಿಲ್ಲ.

“ನೀವು ನಾಲ್ಕು ದಶಾಂಶಕ್ಕೆ ನಿಲ್ಲಿಸಿದ್ರಾ ಸರ್?”

“ಯಾವಾಗಲೂ ಹಾಗೇ ಅಲ್ವಾ?”

“ಇದನ್ನೇ ಮಕ್ಕಳಿಗೆ ಹೇಗೆ ತೋರಿಸುದು ಅಂತ ನನಗೆ ಗೊತ್ತಾಗ್ತಿರ್ಲಿಲ್ಲ ಸರ್. ಐದನೇ ದಶಾಂಶದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ, ಮುಂದೆ ಹೋದ ಹಾಗೆ ಪೂರ್ತಿ ಬೇರೆ ಉತ್ತರ. ಕೇಯಾಸ್ ಅಂದರೆ ಇದುವೇ. ನನ್ನ ಕ್ಯಾಲ್ಕುಲೇಟರೂ ಒಂದು ಕಡೆ ನಿಲ್ತದೆ, ಇನ್ನೂ ಮುಂದೆ ಹೋದರೆ ನನ್ನದೂ ದಾರಿ ತಪ್ತದೆ. ಈ ಹಾಳೆ ಪಾಠಕ್ಕೆ ಸೇರಿಸ್ಲಾ? ನಿಮ್ಮ ಹೆಸರು ಹಾಕ್ತೇನೆ.”

ಅವಳು ಅಣಕಿಸಿದ್ದರೆ ಭಟ್ಟರು ಬದುಕಿಕೊಳ್ಳುತ್ತಿದ್ದರು. ಅವಳ ದನಿಯಲ್ಲಿ ಅಣಕದ ಸುಳಿವೂ ಇರಲಿಲ್ಲ.

“ಹಾಗಾದ್ರೆ ಒಳ್ಳೆದೇ ಆಯ್ತಲ್ಲ ಭಟ್ರೆ,” ಎಂದು ಗೌಡರು ಪೆನ್ನು ಮುಂದೆ ಮಾಡಿದರು. ಭಟ್ಟರು ಸಹಿ ಹಾಕಿದರು.

ನರಿಮೊಗರಿನ ದಾರಿಯುದ್ದಕ್ಕೂ ಒಂದೇ ಯೋಚನೆ. ಆ ಎರಡು ಸಾಲು ಕವಲೊಡೆದದ್ದನ್ನು ಅವಳಿಗಿಂತ ಮೊದಲು ನೋಡಿದ್ದು ತಾನು. ಹೊಸತು ತನ್ನ ಕೈಯಡಿಯಲ್ಲೇ ಇತ್ತು. ಬೆರಗಾಗಬೇಕಾದಲ್ಲಿ ತಾನು ಅವಳ ತಪ್ಪು ಸಿಕ್ಕಿತೆಂದು ಖುಷಿಪಟ್ಟದ್ದು.

ಊಟಕ್ಕೆ ಕೂತಾಗ ಕೌಸಲ್ಯಾ ಪಾತ್ರೆ ತಂದರು. “ನಿನ್ನೆಯ ಪಾಯಸ ಸ್ವಲ್ಪ ಉಂಟು. ಬಡಿಸ್ಲಾ?”

ಭಟ್ಟರು ಎಲೆಯ ಮೇಲೆ ಕೈ ಅಡ್ಡ ಹಿಡಿದರು.