ನನ್ನ ಎಡಗೆನ್ನೆಯ ಗುರುತು

ನಾನು ಒಂದು ಬಂದೂಕು. ಹಂದಿ ಬೆದರಿಸುವ ಜಾತಿಯದಲ್ಲ, ದುರ್ಬೀನು ಹೊತ್ತ ಸ್ನೈಪರ್ ಬಂದೂಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನನ್ನು ನಕಲಿ ಎಂದವರಿದ್ದಾರೆ, ಆ ಮಾತು ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಹುಟ್ಟಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ, ಇಂಗ್ಲೆಂಡಿನ ಒಂದು ಕಾರ್ಖಾನೆಯಲ್ಲಿ. ನನ್ನ ಒಡಹುಟ್ಟಿದವರೆಲ್ಲ ಸಾಮಾನ್ಯ ಸಿಪಾಯಿಗಳ ಹೆಗಲೇರಿ ಹೋದರು. ಪರೀಕ್ಷೆಯಲ್ಲಿ ನನ್ನ ಗುಂಡುಗಳು ಒಂದರ ಪಕ್ಕ ಒಂದು ಬಿದ್ದವೆಂದು ನನ್ನನ್ನು ಬೇರೆ ಎತ್ತಿಟ್ಟರು. ದುರ್ಬೀನು ಕೂರಿಸಲು ಎಡಮೈಗೆ ಉಕ್ಕಿನ ಪಟ್ಟಿಗಳನ್ನು ಕೂಡಿಸಿದರು. ಅಲ್ಲೇ, ಎಡಗೆನ್ನೆಯ ಮೇಲೆ, ಇಂಗ್ಲಿಷಿನ ‘ಟಿ’ ಅಕ್ಷರ ಒತ್ತಿ, ಆಮೇಲೆ ಮೈಗೆಲ್ಲ ಕಪ್ಪು ಹಾಕಿದರು. ಟಿ ಎಂದರೆ ಟೆಲಿಸ್ಕೋಪು. ಯಾವ ದುರ್ಬೀನು ಯಾವ ಬಂದೂಕಿನದೆಂದು ತಿಳಿಯಲು ಹಿಡಿಯ ಮರದ ಮೇಲೆ ಅದರ ಸಂಖ್ಯೆಯನ್ನೂ ಒತ್ತಿದರು.

ಬರ್ಮಾದ ಕಾಡಿನಲ್ಲಿ ಒಬ್ಬ ಇಂಗ್ಲಿಷ್ ಸಿಪಾಯಿ ನನ್ನನ್ನು ತಬ್ಬಿಕೊಂಡು ಕೆಸರಿನಲ್ಲಿ ಮಲಗಿದ. ಯುದ್ಧ ಮುಗಿದು ಅವನು ಮನೆಗೆ ಹೋದ. ನಾನು ಇಲ್ಲೇ, ಭಾರತದ ದಂಡಿನಲ್ಲಿ ಉಳಿದೆ. ಹಲವರ ಕೈ ದಾಟಿ ಕೊನೆಗೆ ಸಿಕ್ಕವನು ಕೊಡಗಿನ ಅಚ್ಚಯ್ಯ. ಹಿಮಾಲಯದಲ್ಲಿ ನಮ್ಮ ತುಕಡಿ ಹಿಂದೆ ಸರಿದಾಗ, ಗಾಯಾಳುಗಳು ಕಣಿವೆ ದಾಟುವವರೆಗೆ ಶತ್ರುಗಳು ಬೆನ್ನಟ್ಟದಂತೆ ಬಂಡೆಯ ಮರೆಯಲ್ಲಿ ನಾವಿಬ್ಬರೇ ದಾರಿ ಕಾದೆವು. ಅವನ ಕಾಲ್ಬೆರಳುಗಳು ಹಿಮಕ್ಕೆ ಹೋದವು. ಆ ದಿನದ ಬಗ್ಗೆ ಯಾರೂ ಎಲ್ಲಿಯೂ ಅವನ ಹೆಸರು ಬರೆಯಲಿಲ್ಲ. ಅವನು ಸುಮ್ಮನಿದ್ದ, ನನಗೆ ಮಾತ್ರ ಸಿಟ್ಟು ಇಳಿಯಲಿಲ್ಲ.

ದಂಡಿಗೆ ಹೊಸ ಬಂದೂಕುಗಳು ಬಂದಾಗ, ಸುಬೇದಾರನಾಗಿ ನಿವೃತ್ತನಾದ ಅಚ್ಚಯ್ಯನಿಗೆ ಮೇಲಿನವರು ಕಾಗದ ಮಾಡಿಸಿ ನನ್ನನ್ನು ಕೊಟ್ಟರು. ದುರ್ಬೀನು ಮಾತ್ರ ಕಳಚಿ ಇಟ್ಟುಕೊಂಡರು. ಹೀಗೆ ನಾನು ಒಕ್ಕಣ್ಣೂ ಇಲ್ಲದೆ ಕೊಡಗಿಗೆ ಬಂದೆ.

ಅಚ್ಚಯ್ಯನ ಹೆಂಡತಿ ದೇಚವ್ವನಿಗೆ ನನ್ನ ಮೇಲೆ ಬಲು ಅಕ್ಕರೆ. ಆ ಅಕ್ಕರೆಯೇ ನನಗೆ ಮುಳುವಾಯಿತು. ಕೊಡವರು ಕೈಲ್ ಮುಹೂರ್ತದ ಹಬ್ಬದಲ್ಲಿ ಆಯುಧಗಳನ್ನು ತೊಳೆದು, ಹೂ ಮುಡಿಸಿ ಪೂಜಿಸುತ್ತಾರೆ. ಮಿಕ್ಕ ಮನೆಗಳ ಬಂದೂಕುಗಳಿಗೆ ಎಣ್ಣೆ ಬಟ್ಟೆ ಸಾಕಿತ್ತು. ದೇಚವ್ವ ನನಗೆ ಹಿತ್ತಾಳೆ ಕೊಳಗಕ್ಕೆ ಮಾಡುವ ಉಪಚಾರವನ್ನೇ ಮಾಡಿದಳು. ಹುಣಸೆಹಣ್ಣು, ಬೂದಿ, ತೆಂಗಿನ ನಾರು! ವರ್ಷ ವರ್ಷವೂ ತಿಕ್ಕಿ ನನ್ನ ಕಪ್ಪನ್ನೆಲ್ಲ ಬೆಳ್ಳಗೆ ಮಾಡಿದಳು. ಎಡಗೆನ್ನೆಯ ಅಕ್ಷರವೂ ಸವೆಯಿತು. ಬಂಡೆಯಂತೆ ಕೂತು ದಾರಿ ಕಾದ ಅಚ್ಚಯ್ಯ, ಹೆಂಡತಿಗೆ ಅದನ್ನು ಹೇಳುವ ಧೈರ್ಯ ಮಾಡಲಿಲ್ಲ.

ಅವನು ತೀರಿಕೊಂಡ ಮೇಲೆ ತಾಪತ್ರಯ ಶುರುವಾಯಿತು. ನನ್ನ ಪರವಾನಗಿ ಅವನ ಜೊತೆಗೇ ಮುಗಿದಿತ್ತು. ಸೈನ್ಯದ ಸಂಗ್ರಹಾಲಯದವರು ಅಸಲಿ ಸ್ನೈಪರ್ ಎಂದು ಒಪ್ಪಿದರೆ ಅಲ್ಲಿ ಅಚ್ಚಯ್ಯನ ಹೆಸರಿನೊಂದಿಗೆ ಇಡುತ್ತಾರೆ, ಇಲ್ಲವಾದರೆ ಕರಗಿಸುತ್ತಾರೆ ಎಂದು ಪೊಲೀಸ್ ಠಾಣೆಯವರು ತಿಳಿಸಿದರು. ಅಚ್ಚಯ್ಯನ ತಮ್ಮನ ಮಗ ಬೆಳ್ಯಪ್ಪ ನನ್ನ ಕೆನ್ನೆ ಸವರಿ ನೋಡಿ ಗಾಬರಿಯಾದ. ದೊಡ್ಡವ್ವನಿಗೆ ಒಂದು ಮಾತೂ ಹೇಳದೆ ಕಮ್ಮಾರನ ಬಳಿಗೆ ಒಯ್ದು ಹೊಸ ‘ಟಿ’ ಒತ್ತಿಸಿದ. ಆ ಸುತ್ತಿಗೆ ಏಟು ಬಿದ್ದಾಗ ನನಗಾದ ಅವಮಾನ ಯಾವ ಯುದ್ಧದಲ್ಲೂ ಆಗಿರಲಿಲ್ಲ. ಅಸಲಿಯಾದ ನನಗೆ ಅಸಲಿಯ ವೇಷ!

ಸಂಗ್ರಹಾಲಯದ ಪರವಾಗಿ ಪರೀಕ್ಷಿಸಲು ಕೂತವರು ಬೆಳಗಾವಿ ಕಡೆಯ ನಿವೃತ್ತ ಮೇಜರ್ ನೇಸರಗಿ. ಕೆನ್ನೆ ನೋಡಿದವರೇ ನನ್ನನ್ನು ಅತ್ತ ಸರಿಸಿದರು.

“ಇದು ನಿನ್ನೆ ಮೊನ್ನೆ ಹೊಡದ ಗುರ್ತು ಐತ್ರಿ. ಅಂಚು ಇನ್ನೂ ಹೊಳೀತೈತಿ. ಕಾರ್ಖಾನಿಯೊಳಗ ಹೊಡದಿದ್ರ ಅಕ್ಷರದ ತಳದಾಗೂ ಕಪ್ಪು ಇರ್ತಿತ್ತು. ನಕಲಿ.”

ದೇಚವ್ವ ಬೆಳ್ಯಪ್ಪನ ಕಡೆ ತಿರುಗಿದಳು. “ಇದೆಂತದು? ನೀನು ಮಾಡಿದ್ದಾ?”

“ತಿಕ್ಕಿ ತಿಕ್ಕಿ ಅದು ಕಾಣ್ತಾ ಇರ್ಲಿಲ್ಲ ದೊಡ್ಡವ್ವ. ಕರಗಿಸಿಬಿಟ್ರೆ ಅಂತ ಹೆದರಿಕೆ ಆಯ್ತು.”

ಅವಳ ಮುಖ ಬಿಳಿಚಿತು. ತಿಕ್ಕಿ ಅಕ್ಷರ ಅಳಿಸಿದವಳು ತಾನೇ ಎಂಬುದು ಅವಳಿಗೆ ಆಗಲೇ ಹೊಳೆದದ್ದು. ಮೇಜರ್ ಪೆನ್ನು ತೆಗೆದರು. ದೇಚವ್ವ ನನ್ನನ್ನು ಎತ್ತಿ ಮತ್ತೆ ಅವರ ಮುಂದೆ ಇಟ್ಟಳು.

“ಅಳಿಸಿದ್ದು ನಾನು, ಸುಳ್ಳು ಬರೆಸಿದ್ದು ಇವನು. ನಮ್ಮ ತಪ್ಪನ್ನು ಇದರ ತಲೆಗೆ ಕಟ್ಟಬೇಡಿ. ಪೂರ್ತಿ ನೋಡಿ, ಆಮೇಲೆ ಎಂತ ಬೇಕಾದ್ರೂ ಬರೀರಿ.”

“ತಾಯೀ, ನನಗ ಕಲಿಸಾಕ ಬಂದೀರೇನ್ರಿ?”

“ಕಲಿಸ್ಲಿಕ್ಕೆ ಅಲ್ಲ. ನೋಡುವವರೆಗೆ ನಾನು ಇಲ್ಲಿಂದ ಏಳುವವಳಲ್ಲ.”

ಭಲೇ ದೇಚವ್ವ! ಬಾಯಿದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಮೇಜರ್ ಗೊಣಗುತ್ತಲೇ ಭೂತಗನ್ನಡಿ ಹಿಡಿದು ನನ್ನನ್ನು ಕಿಟಕಿಯ ಬೆಳಕಿಗೆ ಓರೆಮಾಡಿದರು. ಆಮೇಲೆ ಗೊಣಗುವುದು ನಿಂತಿತು. ಕಮ್ಮಾರನ ಅಚ್ಚು ಒಂದಿಷ್ಟು ವಾರೆಯಾಗಿ ಬಿದ್ದಿತ್ತು. ಹೊಸ ಅಕ್ಷರದ ಪಕ್ಕದಿಂದ ಹಳೆಯ ‘ಟಿ’ಯ ಕಾಲು ಇಣುಕುತ್ತಿತ್ತು, ಅದರ ತಳದಲ್ಲಿ ಕಾರ್ಖಾನೆಯ ಕಪ್ಪು ಕೂತೇ ಇತ್ತು. ಹಿಡಿಯ ಮರದ ಸಂಖ್ಯೆಯ ಅಂಚುಗಳು ವರ್ಷಗಳ ಬೆವರಿಗೆ, ಎಣ್ಣೆಗೆ ಮೆತ್ತಗಾಗಿ ಮರದೊಂದಿಗೆ ಒಂದಾಗಿದ್ದವು. ಅಂಥದ್ದನ್ನು ಯಾವ ಕಮ್ಮಾರನೂ ಒಂದು ಮಧ್ಯಾಹ್ನದಲ್ಲಿ ಮಾಡಲಾರ.

“ಅಸಲಿ ಐತ್ರಿ,” ಎಂದರು ಮೇಜರ್, ತಗ್ಗಿದ ದನಿಯಲ್ಲಿ. “ನಾ ಅವಸರ ಮಾಡಿದೆ. ಈ ಸುಳ್ಳು ಅಕ್ಷರ ಅರೆದು ತಗಸ್ತೀನಿ.”

“ಬೇಡ. ಅರೆದ್ರೆ ಕೆಳಗಿನದೂ ಹೋಗ್ತದೆ. ಮೇಲಿನದು ನಮ್ಮ ಬೆಳ್ಯಪ್ಪನ ಹೆದರಿಕೆ ಅಂತ ಬರೆದು ಹಾಕಿ.”

ಬೆಳ್ಯಪ್ಪ ತಲೆ ತಗ್ಗಿಸಿದ. ಅವಳು ಅವನ ಬೆನ್ನು ತಟ್ಟಿದಳು.

ಈಗ ನಾನು ಗಾಜಿನ ಪೆಟ್ಟಿಗೆಯ ಮುದುಕ. ನನ್ನ ಗುಂಡು ಹಾರುವ ಕಾಲ ಮುಗಿಯಿತು, ಅದಕ್ಕೆ ದುಃಖವಿಲ್ಲ. ಅಷ್ಟಿಷ್ಟು ಓದಿಕೊಂಡವರು ಬಂದು ದೂರದಿಂದಲೇ ಕೆನ್ನೆ ನೋಡಿ “ಫೇಕು” ಎನ್ನುತ್ತಾರೆ. ಅನ್ನಲಿ. ವಿವರದ ಹಲಗೆಯನ್ನು ನನ್ನ ಕಾಲಬುಡದಲ್ಲಿ, ಬಹಳ ತಗ್ಗಿನಲ್ಲಿ ಹಾಕಿದ್ದಾರೆ. ಅದನ್ನು ಓದಬೇಕೆಂದರೆ ಎಂಥವನೂ ಅಚ್ಚಯ್ಯನ ಹೆಸರಿನ ಮುಂದೆ ಬಗ್ಗಲೇಬೇಕು.