ಬಿಸಿಲಲ್ಲಿ ಕಾಣದ ಚುಕ್ಕೆ

ಮೂರನೆಯದಕ್ಕೆ ವಾರಂಟಿ ಒಂದೇ ವರ್ಷ. ಹಾಗಾದರೆ ಎರಡನೆಯದು.

ಆಸ್ವಾಲ್ಡ್ ಟೈಪ್‌ರೈಟರಿನ ಕಾಗದವನ್ನು ಒಂದು ಸಾಲು ಮೇಲಕ್ಕೆ ತಿರುಗಿಸಿದ. ಮಸ್ಕತ್‌ನ ರೂವಿಯ ಈ ಆಫೀಸಿನಲ್ಲಿ ಅರ್ಬಾಬ್, ಅಂದರೆ ಧಣಿ, ಏನೇ ಕೊಳ್ಳಲಿ, ಎಸಿಯಾಗಲಿ, ಒಂಟೆಯ ಮೇವಾಗಲಿ, ಮೂರು ಕೊಟೇಶನ್ ತರಿಸಿ ಹೋಲಿಕೆಯ ಪಟ್ಟಿ ಮಾಡುವವನು ಹನ್ನೊಂದು ವರ್ಷಗಳಿಂದ ಅವನೇ. ಬೆಲೆ, ಡೆಲಿವರಿ, ವಾರಂಟಿ, ಶಿಫಾರಸು. ಇವತ್ತಿನ ಪಟ್ಟಿ ಅರ್ಬಾಬನ ಪಿಸ್ತೂಲಿಗೆ ಕಟ್ಟುವ ಲೇಸರಿನದು. ಗುರಿಯಿಟ್ಟಲ್ಲಿ ಕೆಂಪು ಚುಕ್ಕೆ ಬೀಳಿಸುವ, ಬೆರಳುದ್ದದ ಯಂತ್ರ.

ದುಬೈಯಿಂದ ಬಂದ ಮೂರು ಸ್ಯಾಂಪಲ್‌ಗಳು ಮೇಜಿನ ಮೇಲಿದ್ದವು. ಒಂದು ನಳಿಗೆಯ ಕೆಳಗೆ ಕೂರುವಂಥದ್ದು. ಎರಡನೆಯದು ಟ್ರಿಗರ್ ಸುತ್ತಿನ ಬಳೆಗೆ ಕಚ್ಚುವಂಥದ್ದು. ಮೂರನೆಯದು ಹಿಡಿಕೆಯಲ್ಲೇ ಅಡಗಿರುತ್ತದೆ. ಮುಷ್ಟಿ ಬಿಗಿದರೆ ಮಾತ್ರ ಉರಿಯುತ್ತದೆ. ಮೂರರ ಮೇಲೂ ಹಳದಿ ಚೀಟಿ: ಕಣ್ಣಿಗೆ ಬಿಡಬೇಡಿ.

ಆ ಚೀಟಿಯನ್ನು ಅವನು ಎರಡು ಸಲ ಓದಿದ್ದ.

ಮಗಳು ಡಾಲಿಗೆ ನಾಲ್ಕು ವರ್ಷ. ಗುರುವಾರ ಬೆಳಿಗ್ಗೆ ಮಂಗಳೂರಿನ ಆಸ್ಪತ್ರೆಯಲ್ಲಿ ಅವಳ ಎಡಗಣ್ಣು ತೆಗೆಯುತ್ತಾರೆ. ಒಳಗೆ ಗಡ್ಡೆ. ಬಿಟ್ಟರೆ ತಲೆಗೆ ಏರುತ್ತದಂತೆ. ಶನಿವಾರ ಫೋನಿನಲ್ಲಿ ಹೆಂಡತಿ ಡೊರೊತಿ ಅಳಲಿಲ್ಲ. "ಎರಡೂ ಕಣ್ಣಲ್ಲಿ ಒಂದ್ಸಲ ಪಪ್ಪನನ್ನು ನೋಡ್ಲಿ. ನಾನು ಕೇಳುದು ಅಷ್ಟೇ" ಎಂದಳು.

ಮಗಳು ಅವನನ್ನು ನೋಡಿದ್ದು ಎರಡು ರಜೆಗಳಲ್ಲಿ. ಎರಡನೆಯ ಸಲ ಅಂಕಲ್ ಎಂದು ಕರೆದಿದ್ದಳು. ನೋಡಿ ಆಗುವುದೇನು ಎಂಬ ಯೋಚನೆ ಎಲ್ಲಿಂದಲೋ ಬಂತು. ಅದು ತನ್ನದೇ ಎಂದು ತಿಳಿದಾಗ ಆಸ್ವಾಲ್ಡ್ ಮತ್ತೆ ಟೈಪ್ ಮಾಡತೊಡಗಿದ.

ಅರ್ಬಾಬ್ ತೆಗೆದಿಟ್ಟುಕೊಂಡ ಕೆಲಸಗಾರರ ಪಾಸ್‌ಪೋರ್ಟುಗಳ ವ್ಯವಹಾರ ನೋಡುವ ಬಂಟ್ವಾಳದ ಸಲಾಂ ಬಾಗಿಲಲ್ಲಿ ಇಣುಕಿದ.

"ರಜೆ ಕಾಗದಕ್ಕೆ ಸೈನ್ ಆಯ್ತಾ ಆಸ್ವಾಲ್ಡರೇ?"

"ಇದು ಮುಗೀಲಿ ಅಂದಿದ್ದಾರೆ."

"ಎಂಥ ಮುಗಿಯುದು ಮಾರಾಯ್ರೆ! ಒಂದು ಗಂಟೆಗೆ ಟಿಕೆಟಿನವ ಶಟರ್ ಎಳೀತಾನೆ. ಇವತ್ತಿನ ಬಾಂಬೆ ವಿಮಾನ ತಪ್ಪಿದ್ರೆ ಗುರುವಾರಕ್ಕೆ ಮುಟ್ಟುದಿಲ್ಲ ನೀವು. ಮಗುವಿನ ವಿಷಯ ಹೇಳಿ ಅವರಿಗೆ."

"ಹೇಳಿದ್ದೇನೆ."

"ಏನಂತ?"

"ಜ್ವರ ಅಂತ."

ಸಲಾಂ ಒಳಕ್ಕೇ ಬಂದ. "ಜ್ವರಕ್ಕೆ ಯಾರು ಪಾಸ್‌ಪೋರ್ಟ್ ಕೊಡ್ತಾರೆ? ನಿಮ್ಮ ಮರ್ಯಾದಿಯೇ ನಿಮ್ಮನ್ನು ತಿನ್ನುದು. ನಾನು ಕೆಳಗೆ ಗಾಡಿಯಲ್ಲಿರ್ತೇನೆ. ಯಲ್ಲಾ, ಬೇಗ."

ಕಣ್ಣು ಎಂಬ ಶಬ್ದ ಅರ್ಬಾಬನ ದೊಡ್ಡ ಮೇಜಿನೆದುರು ಅವನ ಬಾಯಿಂದ ಹೊರಟಿರಲಿಲ್ಲ.

ಅರ್ಬಾಬ್ ಪಟ್ಟಿ ನೋಡಿದ. ಬಾಂಬೆಯಲ್ಲಿ ಕಲಿತ ಹಿಂದಿಯಲ್ಲಿ ಕೇಳಿದ: "ಎರಡನೆಯದು. ಯಾಕೆ?"

"ಮೂರು ವರ್ಷ ವಾರಂಟಿ, ಅರ್ಬಾಬ್."

ತಾರಸಿಗೆ ಹತ್ತಿದರು. ಹನ್ನೆರಡೂವರೆಯ ಬಿಸಿಲು. ಅರ್ಬಾಬ್ ಲೇಸರ್ ಕಚ್ಚಿಸಿದ ಪಿಸ್ತೂಲನ್ನು ನೀರಿನ ಟಾಂಕಿಗೆ ಗುರಿ ಹಿಡಿದ. ಟಾಂಕಿ ಬೆಳ್ಳಗಿತ್ತು. ಬೆಳ್ಳಗೇ ಉಳಿಯಿತು.

"ಕಿಧರ್ ಹೈ?"

ಆಸ್ವಾಲ್ಡ್ ಟಾಂಕಿಯ ಹತ್ತಿರ ಹೋಗಿ ಬಗ್ಗಿ ಹುಡುಕಿದ. ಚುಕ್ಕೆ ಇರಲಿಲ್ಲ. ಬಿಸಿಲಿನಲ್ಲಿ ಕಾಣುವುದಿಲ್ಲವೆಂದು ಕ್ಯಾಟಲಾಗಿನ ಮೊದಲ ಪುಟದಲ್ಲೇ ಇತ್ತು. ಅವನು ಓದಿಯೂ ಇದ್ದ. ಪಟ್ಟಿಯಲ್ಲಿ ಬಿಸಿಲಿಗೊಂದು ಕಾಲಂ ಇರಲಿಲ್ಲ.

"ಹನ್ನೊಂದು ವರ್ಷ ಆಯಿತು. ಮಸ್ಕತ್‌ನಲ್ಲಿ ಸೂರ್ಯ ಇದ್ದಾನೆ ಅಂತ ಯಾರೂ ನಿನಗೆ ಹೇಳಲಿಲ್ಲವಾ?" ಅರ್ಬಾಬ್ ನಕ್ಕ. ನಗು ಬೇಗ ನಿಂತಿತು. "ಕತ್ತಲೆ ಎಲ್ಲಿದೆ?"

ಕತ್ತಲೆ ಫೈಲುಗಳ ಕೋಣೆಯಲ್ಲಿತ್ತು. ಅದಕ್ಕೆ ಕಿಟಕಿಯಿಲ್ಲ. ಅರ್ಬಾಬ್ ದೀಪ ಆರಿಸಿದ.

"ಅಲ್ಲಿ ನಿಲ್ಲು. ನಿನ್ನ ಅಂಗಿ ಬಿಳಿ."

ಆಸ್ವಾಲ್ಡ್ ಗೋಡೆಗೆ ಬೆನ್ನು ಕೊಟ್ಟ. ಚುಕ್ಕೆ ಗೋಡೆಯ ಮೇಲೆ ಹರಿದಾಡಿ ಅವನ ಭುಜಕ್ಕೆ ಬಂತು; ಇಳಿದು ಅಂಗಿಯ ಜೇಬಿನ ಮೇಲೆ ನಿಂತಿತು. ಜೇಬಿನೊಳಗೆ ಮಡಚಿದ ರಜೆಯ ಅರ್ಜಿ. ಪಿಸ್ತೂಲು ಖಾಲಿಯೋ ಅಲ್ಲವೋ ಅವನು ನೋಡಿರಲಿಲ್ಲ. ಕೇಳಬಹುದಿತ್ತು.

"ಖೂಬ್," ಎಂದ ಅರ್ಬಾಬ್. ಕತ್ತಲೆಯಲ್ಲಿ ಅವನ ದನಿ ಮೆತ್ತಗಾಗಿತ್ತು. "ಮಗಳಿಗೆ ಜ್ವರ ಅಂದಿದ್ದೆಯಲ್ಲ. ಹೇಗಿದ್ದಾಳೆ?"

"ಈಗ ಕಡಿಮೆ, ಅರ್ಬಾಬ್."

ಮಾತು ತಾನಾಗಿಯೇ ಬಂದಿತ್ತು, ಹನ್ನೊಂದು ವರ್ಷದ ಅಭ್ಯಾಸದಿಂದ. ಅದನ್ನು ಹಿಂದಕ್ಕೆ ಎಳೆದುಕೊಳ್ಳಲು ಆಸ್ವಾಲ್ಡ್ ಉಸಿರು ತುಂಬಿಕೊಂಡ.

"ಅಲ್‌ಹಮ್ದುಲಿಲ್ಲಾ." ಅಷ್ಟರಲ್ಲಿ ಅರ್ಬಾಬ್ ದೇವರನ್ನು ಸ್ತುತಿಸಿಯಾಗಿತ್ತು.

ಹೊರಗೆ ಫೋನ್ ಬಡಿದುಕೊಂಡಿತು. ಅರ್ಬಾಬ್ ಪಿಸ್ತೂಲನ್ನು, ಗುರಿ ತಪ್ಪದ ಹಾಗೆ, ಕಪಾಟಿನ ಮೇಲೆ ಮಲಗಿಸಿದ. "ಅಲ್ಲಾಡಬೇಡ, ಬಂದೆ." ಬಾಗಿಲು ಮುಚ್ಚಿಕೊಂಡಿತು.

ಒಮ್ಮೆ ಗುಂಡಿ ಜಾರಿಸಿದರೆ ಎರಡನೆಯದು ಉರಿಯುತ್ತಲೇ ಇರುತ್ತದೆ. ಅದನ್ನು ಗುಣವೆಂದು ಅವನೇ ಟೈಪ್ ಮಾಡಿದ್ದ.

ಗೋಡೆಯಾಚೆ ಅರ್ಬಾಬ್ ಫೋನಿನಲ್ಲಿ ನಗುತ್ತಿದ್ದ. ಕೆಳಗೆ ಸಲಾಂ ಹಾರ್ನ್ ಹೊಡೆದ. ಬಾಗಿಲಿಗೆ ನಾಲ್ಕು ಹೆಜ್ಜೆ. ಹಾರ್ನ್ ಮತ್ತೊಮ್ಮೆ, ಈ ಸಲ ಉದ್ದಕ್ಕೆ.

ಆಸ್ವಾಲ್ಡ್ ಗದ್ದವನ್ನು ಎದೆಗೊತ್ತಿ ಚುಕ್ಕೆಯನ್ನು ನೋಡಿದ. ಎಡಗಣ್ಣು ಮುಚ್ಚಿದ. ಚುಕ್ಕೆ ಇದ್ದಲ್ಲೇ ಇತ್ತು. ಸರಿಯಾಗಿ ಕಾಣುತ್ತಿತ್ತು. ಹಾಗೆಯೇ ಒಂದು ಕಣ್ಣು ಮುಚ್ಚಿಕೊಂಡು, ಅದು ಕದಲದ ಹಾಗೆ, ಉಸಿರು ಹಿಡಿದು ನಿಂತ.