ಪ್ರಳಯಪ್ಪನ ಗೋಡೆ

ಬಟ್ಟೆಯ ತುಂಡನ್ನು ಟರ್ಪೆಂಟೈನಿನಲ್ಲಿ ಅದ್ದಿ ಎಷ್ಟು ಉಜ್ಜಿದರೂ ಗಂಡನ ಉಗುರಿನ ಸಂದಿಯಲ್ಲಿದ್ದ ಕಂದು ಬಣ್ಣ ಹೋಗಲಿಲ್ಲ. ಅವಳು ಆ ಬೆರಳು ಬಿಟ್ಟು ಇನ್ನೊಂದನ್ನು ಹಿಡಿದಳು.

"ಸಾಕು ಬಿಡಿ ಅತ್ತಿಗೆ," ಎಂದಳು ನಾದಿನಿ. "ಮದುವೆ ದಿನವೇ ಅಣ್ಣನ ಕೈ ಶುದ್ಧ ಆಗಿರಲಿಲ್ಲ. ಈಗ ಯಾರಿಗೆ ತೋರಿಸ್ಬೇಕು?"

"ಅದಲ್ಲ ಕಣೇ. ಆಕಾಶದಿಂದ ಬೀಳೋ ಬಂಡೆಯ ಬೆಂಕಿ ಮಂಕಾಗಿದೆ, ತಿದ್ದಿ ಬರ್ತೀನಿ ಅಂತ ನಿನ್ನೆ ಹೋದೋರು. ಬೆಂಕಿ ಅಂದ್ರೆ ಕೆಂಪು, ಹಳದಿ. ಡೈನೋಸಾರ್‌ಗಳೆಲ್ಲ ಹಸಿರು. ಈ ಕಂದು ಎಲ್ಲಿಂದ ಬಂತು?"

"ಸಾವಿನ ಮನೆಯಲ್ಲೂ ನಿಮ್ಮ ತನಿಖೆ ನಿಲ್ಲಲ್ಲ ನೋಡಿ!"

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ದರ್ಜಿಗೆ ನಗು ತಡೆಯಲಾಗದೆ ಕೆಮ್ಮು ಬಂತು. ರಾತ್ರಿ ಊಟ ಮಾಡಿ, ಒಂದು ಜೋಕು ಹೇಳಿ ಮಲಗಿದ ಮನುಷ್ಯ ಬೆಳಿಗ್ಗೆ ಏಳಲಿಲ್ಲ. ಅಂಥವನ ಸುತ್ತ ಕೂತು ಬರೀ ಅಳುವುದು ಯಾರಿಗೂ ಸಾಧ್ಯವಾಗುತ್ತಿರಲಿಲ್ಲ.

*

ಅವನು ವಸ್ತುಸಂಗ್ರಹಾಲಯದ ಚಿತ್ರಗಾರ. ಡೈನೋಸಾರ್‌ಗಳು ನಿರ್ನಾಮವಾಗುವ ದೃಶ್ಯವಿದ್ದ ಉದ್ದನೆಯ ಗೋಡೆಯೊಂದೇ ಅವನ ಜೀವಮಾನದ ಕೆಲಸ. ಹಾಗಾಗಿ ಓಣಿಯವರ ಬಾಯಲ್ಲಿ ಅವನು ಪ್ರಳಯಪ್ಪ. ಕೆಲಸಕ್ಕೆ ಸೇರಿದಾಗ, ಹತ್ತಿರದ ನಕ್ಷತ್ರವೊಂದು ಸಿಡಿದು ಹೀಗಾಗಿರಬಹುದು ಎಂದರು ತಜ್ಞರು. ಇವನು ನಕ್ಷತ್ರ ಸಿಡಿಸಿದ. ಆಮೇಲೆ ಅಲ್ಲ, ಆಕಾಶದಿಂದ ದೊಡ್ಡ ಬಂಡೆ ಬಿತ್ತು ಎಂದರು. ನಕ್ಷತ್ರ ಅಳಿಸಿ ಬಂಡೆ ಬಿಡಿಸಿದ. ಸೂರ್ಯನಿಗೆ ಕಾಣದ ಜೊತೆಗಾರ ನಕ್ಷತ್ರವೊಂದಿದ್ದು, ಅದು ಧೂಮಕೇತುಗಳ ಸುರಿಮಳೆ ಕಳಿಸಿರಬಹುದು ಎಂದಾಗ ಅದನ್ನೂ ಬರೆದ. ಕೊನೆಗೆ ಮತ್ತೆ ಬಂಡೆಗೇ ಬಂದು ನಿಂತರು.

"ಕೊಂದೋರು ಯಾರು ಅನ್ನೋದು ಅವರವರಲ್ಲೇ ತೀರ್ಮಾನ ಆಗಲಿ," ಎನ್ನುತ್ತಿದ್ದ. "ಸಾಯೋರು ಮಾತ್ರ ನನ್ನೋರು."

ಅದು ಸುಳ್ಳಲ್ಲ. ತೋಳು ಗಿಡ್ಡ ಹೊಲಿದದ್ದಕ್ಕೆ ಜಗಳವಾದ ಮರುವಾರವೇ ದರ್ಜಿಯ ದವಡೆ ಗೋಡೆಯ ಮೇಲಿನ ಮಾಂಸಾಹಾರಿಗೆ ಬಂದಿತ್ತು. ಎಲ್ಲರ ಮನೆಯೊಳಗೆ ಇಣುಕುವ ನಾದಿನಿಯ ಕತ್ತು ಉದ್ದ ಕತ್ತಿನ ಪ್ರಾಣಿಗೆ ಸೇರಿತ್ತು. ಓಣಿಗೆ ಓಣಿಯೇ ಅಲ್ಲಿ ನಿಂತು ಆಕಾಶ ನೋಡುತ್ತಿತ್ತು. ಹೆಂಡತಿ ಮಾತ್ರ ಇರಲಿಲ್ಲ.

ಇಪ್ಪತ್ತು ವರ್ಷದ ಹಿಂದೆ ಅವಳು ಆ ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ಮತ್ತೆ ಮತ್ತೆ ಹುಡುಕಿದ್ದಳು.

"ಊರಿಗೆಲ್ಲ ಜಾಗ ಇದೆ, ಕಟ್ಕೊಂಡೋಳಿಗೆ ಇಲ್ವಾ?"

"ಇದ್ದೀಯ. ಸರಿಯಾಗಿ ಹುಡುಕು."

"ಗೇಲಿ ಮಾಡ್ಬೇಡಿ. ಸಾಯೋವರೆಗೂ ನಾನು ಈ ಗೋಡೆ ನೋಡಲ್ಲ."

"ಯಾರು ಸಾಯೋವರೆಗೆ?" ಎಂದು ಕೇಳಿದ್ದ ಪುಣ್ಯಾತ್ಮ.

ಅವಳದು ಹಿಡಿದ ಹಟ. ಮತ್ತೆ ಕಾಲಿಡಲಿಲ್ಲ. ಅವನದೂ ಅಷ್ಟೇ, ಎಲ್ಲಿ ಎಂದು ಬಾಯಿ ಬಿಡಲಿಲ್ಲ. ನಿವೃತ್ತಿಯಾದ ಮೇಲೂ ವಾರಕ್ಕೊಮ್ಮೆ ಡಬ್ಬಿ, ಕುಂಚ ಹಿಡಿದು ಹೋಗುತ್ತಿದ್ದ. ರಾತ್ರಿ ಅವಳ ಕಡೆ ನೋಡಿ, "ಎಷ್ಟೇ ಚಳಿ ಇರಲಿ, ಒಂದು ಕಾಲು ಹೊದಿಕೆಯಿಂದ ಹೊರಗೆ. ಪ್ರಳಯ ಆದ್ರೂ ನಿನಗೆ ಎಚ್ಚರ ಆಗಲ್ಲ ಬಿಡು," ಎಂದು ನಗುತ್ತಿದ್ದ. ಅವಳಿಗೆ ಆ ನಗು ಇಷ್ಟ. ಗೋಡೆಯ ನೋವು ಮಾತ್ರ ಒಳಗೇ ಉಳಿಯಿತು. ಇಂದು ಬೆಳಿಗ್ಗೆಯಿಂದ ಅದೇ ಕೊರೆಯುತ್ತಿತ್ತು: ಇನ್ನು ಕೇಳುವುದು ಯಾರನ್ನು?

*

ಶವದ ವ್ಯಾನು ವಸ್ತುಸಂಗ್ರಹಾಲಯದ ಗೇಟಿನ ಮುಂದೆ ನಿಂತಿತು. ಕೆಲಸದವರೆಲ್ಲ ಹೂವಿಟ್ಟು ಕೈಮುಗಿದರು. ಟಿಕೆಟ್ ಕೊಡುವ ಹೆಂಗಸು ವ್ಯಾನಿನ ಬಾಗಿಲಿಗೆ ಬಂದಳು.

"ಅಮ್ಮಾ, ಒಂದು ನಿಮಿಷ ಒಳಗೆ ಬನ್ನಿ. ನಿನ್ನೆ ಹಚ್ಚಿದ ಬಣ್ಣ ಇನ್ನೂ ಹಸಿ ಇದೆ ಅಂತ ಮಕ್ಕಳನ್ನ ಹತ್ತಿರ ಬಿಟ್ಟಿಲ್ಲ."

"ಯಾವುದಕ್ಕೆ ಹಚ್ಚಿದ್ರು?"

"ನಿದ್ದೆ ಇಲಿಗೆ. ಮಕ್ಕಳು ಸವರಿ ಸವರಿ ಅಳಿಸ್ಬಿಡ್ತಾರೆ. ಅದಕ್ಕೇ ಅಲ್ವಾ ಅವರು ವಾರ ವಾರ ಬರ್ತಿದ್ದದ್ದು?"

ಅವಳು ಇಳಿದಳು. ಹಟವನ್ನು ವ್ಯಾನಿನಲ್ಲೇ ಬಿಟ್ಟು ಇಳಿದಳು ಎಂದರೂ ಸರಿ. ಹಿಂದೆಯೇ ನಾದಿನಿ, ದರ್ಜಿ ಬಂದರು. ಗೋಡೆಯ ಮುಂದೆ ಅವಳು ಕತ್ತೆತ್ತಿ ನಿಂತಳು.

"ಮೇಲಲ್ಲ ಅಮ್ಮಾ. ಕೂತ್ಕೊಳ್ಳಿ. ದೊಡ್ಡೋರಿಗೆ ಅದು ಕಾಣಲ್ಲ."

ಮಂಡಿಯೂರಿದಳು. ಅಡ್ಡಗಟ್ಟಿದ ಕಂಬಿಯ ಕೆಳಗೆ, ನಾಲ್ಕೈದು ವರ್ಷದ ಮಗುವಿನ ಕಣ್ಣಿನ ಎತ್ತರಕ್ಕೆ, ಬೇರುಗಳ ನಡುವೆ ಒಂದು ಬಿಲ. ಅದರೊಳಗೆ ಒಣಗಿದ ಎಲೆಗಳ ಹಾಸಿಗೆ. ಮೇಲೆ ಇಡೀ ಜಗತ್ತು ಹೊತ್ತಿ ಉರಿಯುತ್ತಿದ್ದರೆ, ಕೆಳಗೆ ಒಂದು ಪುಟ್ಟ ಕಂದು ಪ್ರಾಣಿ ಎಲೆ ಹೊದ್ದು ಸೊಂಪಾಗಿ ಮಲಗಿತ್ತು. ಅದರ ಒಂದು ಹಿಂಗಾಲು ಮಾತ್ರ ಹೊದಿಕೆಯಿಂದ ಹೊರಗಿತ್ತು.

"ಆಕಾಶ ಎಷ್ಟು ಸಲ ಬದಲಾಯ್ತೋ," ಎಂದಳು ಟಿಕೆಟಿನವಳು. "ಇದೊಂದು ಮಾತ್ರ ಇದ್ದಲ್ಲೇ ಇತ್ತು. ಮಕ್ಕಳು ಅಳೋಕೆ ಶುರು ಮಾಡಿದ್ರೆ ಇಲ್ಲಿ ಕೂರಿಸ್ಕೊಂಡು, 'ಅವರೆಲ್ಲ ಹೋದ್ರು. ಇವಳು ಉಳಿದಳು. ಅದಕ್ಕೇ ನಾವೆಲ್ಲ ಇದ್ದೀವಿ' ಅಂತ ಹೇಳೋರು."

ಅವಳು ಇನ್ನಷ್ಟು ಬಾಗಿ ನೋಡಿದಳು. ಹುಡುಕಬೇಕಾದದ್ದು ಸಾಯುವವರ ನಡುವೆ ಅಲ್ಲ ಎಂದು ಇಪ್ಪತ್ತು ವರ್ಷ ಹೊಳೆಯಲೇ ಇಲ್ಲವಲ್ಲ! ಅಳು ಬಂತು, ಅದರ ಬೆನ್ನಿಗೇ ನಗು ಬಂತು. ಎರಡನ್ನೂ ತಡೆಯಲಿಲ್ಲ.

ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ ನಾದಿನಿ ಕತ್ತು ಚಾಚಿ ನೋಡಿದಳು. "ಅಯ್ಯೋ, ಇದು ನೀವೇ ಅಲ್ವಾ ಅತ್ತಿಗೆ! ನೋಡಿದ್ರಾ ಅಣ್ಣನ ಬುದ್ಧಿ? ಒಡಹುಟ್ಟಿದೋಳನ್ನ ಸಾಯಿಸಿ ಹೆಂಡತೀನ ಉಳಿಸ್ಕೊಂಡ!"

"ನನ್ನನ್ನಂತೂ ಬಾಯಿ ತೆರೆದಿರೋ ಹಾಗೇ ಸಾಯಿಸಿದ," ಎಂದ ದರ್ಜಿ. ಈ ಸಲ ಅವನು ಕೆಮ್ಮಲಿಲ್ಲ, ನಕ್ಕೇಬಿಟ್ಟ.

ಅವಳು ಬೆರಳು ಚಾಚಿ ಆ ಪುಟ್ಟ ಪಾದವನ್ನು ಮುಟ್ಟಿದಳು. ಕಂದು ಬಣ್ಣ ಬೆರಳಿಗೆ ಹತ್ತಿತು.

*

ಎಲ್ಲ ಮುಗಿಸಿ ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಕೈ ತೊಳೆಯುವಾಗ ಆ ಒಂದು ಬೆರಳನ್ನು ಅವಳು ಮಡಿಸಿಕೊಂಡಳು. ನಾದಿನಿ ಬಲವಂತ ಮಾಡಿ ಮಲಗಿಸಿದಳು, ಕತ್ತಿನವರೆಗೆ ಹೊದಿಸಿದಳು, ಪಾದಗಳ ಕೆಳಗೆ ಅಂಚನ್ನು ಬಿಗಿಯಾಗಿ ಸಿಕ್ಕಿಸಿದಳು.

"ತಣ್ಣಗೆ ಗಾಳಿ ಇದೆ ಅತ್ತಿಗೆ. ಹೀಗೇ ಮಲಗಿ."

"ಆಯ್ತು ಕಣೇ."

ನಾದಿನಿ ಕಿಟಕಿ ಮುಚ್ಚಿ ತಿರುಗಿದಳು. ಅಷ್ಟರಲ್ಲಿ ಅತ್ತಿಗೆಗೆ ನಿದ್ದೆ ಹತ್ತಿತ್ತು. ಬಿಗಿಯಾಗಿ ಸಿಕ್ಕಿಸಿದ್ದ ಹೊದಿಕೆ ಒಂದು ಕಡೆ ಸಡಿಲಾಗಿತ್ತು. ಅಲ್ಲಿಂದ ಎಡಗಾಲಿನ ಪಾದವೊಂದು ಹೊರಗೆ ಬಂದು, ಹಾಸಿಗೆಯ ಅಂಚಿನಲ್ಲಿ ಹಾಯಾಗಿ ಒರಗಿತ್ತು.